ತಕ್ಕಡಿಯಕ್ಕನ ಹಸಿರು ಚುಕ್ಕೆಗಳು

ಬೆಳಿಗ್ಗೆ ಆರೂ ಮುಕ್ಕಾಲಿಗೆ ಆಕೆ ಮಾಡುವ ಮೊದಲ ಕೆಲಸ ಕಬ್ಬಿಣದ ಕಲ್ಲೊಂದನ್ನು ತೂಗುವುದು. ದಿನಸಿ ಅಂಗಡಿಯಲ್ಲಿ ಮೂಟೆ ತೂಗಲು ಇಟ್ಟಿರುತ್ತಾರಲ್ಲ, ಅಂಥದೇ ಹತ್ತು ಕಿಲೋದ ಕಲ್ಲು. ಅದನ್ನು ಕಪಾಟಿನ ತಳದಿಂದ ಎರಡೂ ಕೈಯಲ್ಲಿ ಎತ್ತಿ ತಂದು ಮೂಲೆಯ ತೂಕದ ಯಂತ್ರದ ಮೇಲಿಡುತ್ತಾಳೆ. ಯಂತ್ರ ಸರಿಯಾಗಿ ಹತ್ತು ಎಂದು ತೋರಿಸಿದರೆ ಕಲ್ಲನ್ನು ಸ್ವಸ್ಥಾನಕ್ಕೆ ಸೇರಿಸಿ, ಕೈ ತೊಳೆದು, ಬಾಗಿಲಿನ ಚಿಲಕ ತೆಗೆಯುತ್ತಾಳೆ. ಹೊರಗಿನ ಬೆಂಚಿನ ಮೇಲೆ ಐದು ಮಕ್ಕಳು ಚಪ್ಪಲಿ ಬಿಚ್ಚಿ, ಸ್ವೆಟರ್ ಕಳಚಿ, ಸಾಲಾಗಿ ಕೂತಿರುತ್ತಾರೆ.

ಮಕ್ಕಳ ಡಯಾಲಿಸಿಸ್ ಕೋಣೆಗೆ ಆಕೆ ನರ್ಸಾಗಿ ಸೇರಿ ಹತ್ತೊಂಬತ್ತು ವರ್ಷವಾಯಿತು. ಮಕ್ಕಳು ಎದುರಿಗೆ ಬರೀ ಅಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ತಕ್ಕಡಿಯಕ್ಕ. ಆಕೆಗೆ ಅದು ಗೊತ್ತಿದೆ, ಬೇಸರವಿಲ್ಲ. ಡಾಕ್ಟರುಗಳೇ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆ ಕರೆದುಬಿಡುತ್ತಾರೆ.

ಕಿಡ್ನಿ ಕೆಲಸ ನಿಲ್ಲಿಸಿದ ಮಗುವಿನ ಮೈಯಿಂದ ನೀರು ಹೊರಗೆ ಹೋಗುವುದಿಲ್ಲ. ಕುಡಿದದ್ದೆಲ್ಲ ಒಳಗೇ ಠಿಕಾಣಿ ಹೂಡುತ್ತದೆ. ಮೊದಲು ಪಾದದಲ್ಲಿ, ಆಮೇಲೆ ಕಣ್ಣಿನ ರೆಪ್ಪೆಯಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರ ಅದನ್ನು ಹೊರಗೆಳೆಯುತ್ತದೆ. ಎಷ್ಟು ಎಳೆಯಬೇಕೆಂದು ಹೇಳುವುದು ತಕ್ಕಡಿ. ನೀರೆಲ್ಲ ಹೋದ ಮೇಲೆ ಉಳಿಯುವ ಮೈಯ ತೂಕವನ್ನು ಆ ಕೋಣೆಯಲ್ಲಿ ಒಣ ತೂಕ ಎನ್ನುತ್ತಾರೆ. ಒಣ ತೂಕ ಮೂವತ್ತೊಂದಿರುವ ಮಗು ಮೂವತ್ತಮೂರು ತೂಗಿದರೆ, ಹೆಚ್ಚಿನ ಎರಡು ಕಿಲೋ ನೀರು. ಅದರಲ್ಲಿ ವಾದಕ್ಕೆ ಎಡೆಯಿಲ್ಲ.

ಗೋಡೆಯ ಮೇಲೆ ಆಕೆಯೇ ಗೆರೆ ಎಳೆದ ಚಾರ್ಟು ಇದೆ. ಹೆಚ್ಚಳ ಒಂದು ಕಿಲೋದೊಳಗಿದ್ದರೆ ಹಸಿರು ಚುಕ್ಕೆ, ದಾಟಿದರೆ ಕೆಂಪು. ತೂಕವನ್ನು ಆಕೆ ಗಟ್ಟಿಯಾಗಿ, ಐವರಿಗೂ ಕೇಳುವಂತೆ ಓದುತ್ತಾಳೆ. ಹಸಿರು ಬಂದವರಿಗೆ ಟೀವಿಯ ರಿಮೋಟು, ಕೆಂಪು ಬಂದವರಿಗೆ ಮಾತು. ಮಾತು ಎಂದರೆ ಎಂಥದ್ದು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಉಪ್ಪಿನ ಕುರುಕಲು ತಿಂದು ಒಂದೂವರೆ ಕಿಲೋ ಏರಿಸಿಕೊಂಡು ಬಂದ ಒಂಬತ್ತರ ಹುಡುಗನೊಬ್ಬನಿಗೆ ಆಕೆ, ಉಪ್ಪು ತಿಂದವನು ನೀರು ಕುಡಿಯಲೇಬೇಕು, ನೀರು ಕುಡಿದವನು ಇಲ್ಲಿ ಅಳಲೇಬೇಕು, ಅಳು ನೋಡೋಣ, ಕಣ್ಣಲ್ಲಾದರೂ ಸ್ವಲ್ಪ ಹೋಗಲಿ ಎಂದಿದ್ದಳು. ಹುಡುಗ ಅತ್ತ. ಮುಂದಿನ ಸಲ ಹಸಿರು ಬಂತು.

ಮಕ್ಕಳೂ ಕಡಿಮೆಯಿಲ್ಲ. ಒಂದು ಬೆರಳನ್ನು ಗೋಡೆಗೆ ಒತ್ತಿ ನಿಲ್ಲುವವರು, ಒಳ ಅಂಗಿ ಮನೆಯಲ್ಲೇ ಬಿಟ್ಟು ಬರುವವರು, ಹಿಂದಿನ ಸಲವೇ ಜೇಬಿನಲ್ಲಿ ನಾಲ್ಕು ಕಲ್ಲು ಹಾಕಿಕೊಂಡು ಬಂದು ಈ ಸಲ ಹಗುರಾದಂತೆ ಕಾಣಿಸಿಕೊಳ್ಳುವ ಮಹಾ ಬುದ್ಧಿವಂತರು. ಎಲ್ಲ ತಂತ್ರವೂ ಆಕೆಗೆ ಅಂಗೈ ಗೆರೆಯಷ್ಟೇ ಪರಿಚಿತ. ನೀವು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುತ್ತಾಳೆ. ತೂಕ ಸುಳ್ಳು ಹೇಳುವುದಿಲ್ಲ ಎನ್ನುವುದು ಆಕೆಯ ಇನ್ನೊಂದು ಮಾತು. ಇದನ್ನು ದಿನಕ್ಕೆ ಐದು ಸಲವಾದರೂ ಹೇಳುತ್ತಾಳೆ.

ಆಕೆ ಹುಟ್ಟುತ್ತಲೇ ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಶುಕ್ರವಾರ, ತನ್ನ ಊಟದ ಡಬ್ಬಿಯಲ್ಲಿದ್ದ ಬಾಳೆಹಣ್ಣನ್ನು ಏಳು ವರ್ಷದ ಹುಡುಗನೊಬ್ಬನಿಗೆ ಕೊಟ್ಟಿದ್ದಳು. ಬಾಳೆಹಣ್ಣಿನಲ್ಲಿರುವ ಪೊಟ್ಯಾಸಿಯಂ ಅಂಥ ಮಕ್ಕಳ ಹೃದಯವನ್ನು ನಿಲ್ಲಿಸಬಲ್ಲದು ಎಂದು ಆಕೆ ಓದಿದ್ದಳು. ಆದರೆ ಹುಡುಗ ಯಂತ್ರಕ್ಕೆ ಕೂತಿದ್ದ, ಒಂದು ಹಣ್ಣನ್ನು ಯಂತ್ರ ತೊಳೆದುಹಾಕುತ್ತದೆ ಎಂಬುದೂ ಗೊತ್ತಿತ್ತು. ಆ ಲೆಕ್ಕ ತಪ್ಪಿರಲಿಲ್ಲ. ಹುಡುಗ ಮನೆಗೆ ಹೋಗಿ, ಸಿಸ್ಟರೇ ಕೊಟ್ಟರು, ಏನೂ ಆಗಲ್ಲ ಎಂದು ಅಜ್ಜಿಯನ್ನು ಒಪ್ಪಿಸಿ ಭಾನುವಾರ ಐದು ಹಣ್ಣು ತಿಂದ. ಸೋಮವಾರ ಬೆಳಿಗ್ಗೆ ಅವನ ಕುರ್ಚಿ ಖಾಲಿ ಇತ್ತು. ಅಜ್ಜಿ ಆಕೆಯನ್ನು ಬೈಯಲಿಲ್ಲ. ಹುಡುಗನ ಕಾಗದಪತ್ರ ತೆಗೆದುಕೊಂಡು ಹೋಗಲು ಬಂದಾಗ, ಕೊನೆಗೂ ಒಂದು ಹಣ್ಣು ತಿನ್ನಿಸಿದಿರಲ್ಲ, ಪುಣ್ಯ ಬರಲಿ ಎಂದು ಕೈ ಹಿಡಿದುಕೊಂಡಳು.

ಅಂದಿನಿಂದ ಆಕೆ ಯಾರಿಗೂ ಏನನ್ನೂ ಕೊಟ್ಟಿಲ್ಲ. ಇನ್ನೊಂದು ಕೆಲಸ ಮಾಡಿದಳು. ಮಕ್ಕಳು ಬಾಯಾರಿ ಕೂತಿರುವ ಕೋಣೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಒಂದು ಹನಿಯಿಲ್ಲ. ಹದಿನೆಂಟನೇ ವರ್ಷಕ್ಕೆ ಆಕೆಯ ಎಡ ಕಿಡ್ನಿಯಲ್ಲಿ ಕಲ್ಲು ಬೆಳೆಯಿತು. ಎರಡನೇ ಕುರ್ಚಿಯಲ್ಲಿ ಕೂರುವ, ನೂರು ಗ್ರಾಂ ಹೆಚ್ಚಿಗೂ ಅರ್ಧ ಗಂಟೆ ವಾದ ಹೂಡುವ ಹದಿನೈದರ ಹುಡುಗನಿಗೆ ಎಲ್ಲರೂ ವಕೀಲ ಎನ್ನುತ್ತಾರೆ. ಈ ಸುದ್ದಿ ಕೇಳಿದ ಅವನು ತೀರ್ಪು ಕೊಟ್ಟ: "ಕಿಡ್ನಿಲಿರೋದು ಸಣ್ಣದು. ಎದೆಲಿರೋದೇ ಹತ್ತು ಕಿಲೋದು."

ಆಕೆಯೂ ನಕ್ಕಳು. ಆಮೇಲೆ ಅವನ ರಿಮೋಟು ಕಿತ್ತುಕೊಂಡಳು.

ಹದಿಮೂರರ ಹುಡುಗಿ ಆ ಕೋಣೆಗೆ ಬಂದದ್ದು ಹೋದ ವರ್ಷ. ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಾಳೆ. ಮಗಳನ್ನು ಬೆಂಚಿನ ಮೇಲೆ ಕೂರಿಸಿ, ಏಳೂ ಕಾಲರ ಬಸ್ಸಿಗೆ ಓಡುತ್ತಾಳೆ. ಮೊದಲ ಸೋಮವಾರ ಹುಡುಗಿ ಎರಡು ಕಿಲೋ ಎಂಟುನೂರು ಗ್ರಾಂ ಹೆಚ್ಚು ತೂಗಿದಳು. ಅಂಥ ಅಂಕಿ ಆ ಗೋಡೆ ಕಂಡಿರಲಿಲ್ಲ. ಆಕೆ ಓದಿ ಹೇಳಿ, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಇದು ಹುಡುಗಿಯಲ್ಲ ಕಣ್ರೋ, ಒಂಟೆ" ಎಂದಳು. ಮಕ್ಕಳಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವಳು ಬಾಗಿಲಲ್ಲಿ ಕಾಣಿಸಿಕೊಂಡರೆ ಯಾರಾದರೊಬ್ಬರು, ಒಂಟೆ ಬಂತು, ನಲ್ಲಿಗಳನ್ನು ಭದ್ರ ಮಾಡ್ರಪ್ಪಾ ಎನ್ನುವರು. ಹುಡುಗಿ ತಲೆ ತಗ್ಗಿಸಿ ನಗುತ್ತಿದ್ದಳು. ಆ ನಗು ಆಕೆಗೆ ಹಿಡಿಸಿರಲಿಲ್ಲ. ನಾಚಿಕೆ ಇಲ್ಲದವರು ನಗುತ್ತಾರೆ ಎಂದು ಅರ್ಥಮಾಡಿಕೊಂಡಿದ್ದಳು.

ಹುಡುಗಿಯ ಬಾಯಾರಿಕೆ ನಿಜಕ್ಕೂ ದೊಡ್ಡದು. ಬಟ್ಟೆ ಒಗೆದ ಮೇಲೆ ಒದ್ದೆ ಅಂಚನ್ನು ಹೀರುತ್ತಾಳೆ ಎಂದು ತಾಯಿ ಹೇಳಿದ್ದಳು. ಹೂವಿನ ಕುಂಡದ ತಟ್ಟೆಯಲ್ಲಿ ನಿಂತ ನೀರನ್ನೂ ಬಿಡುವುದಿಲ್ಲ ಎಂದಿದ್ದಳು.

ತಾಯಿಯ ಕಿಡ್ನಿ ಮಗಳಿಗೆ ಹೊಂದುತ್ತದೆ ಎಂದು ಪರೀಕ್ಷೆ ಹೇಳಿತು. ಕೊಡಲು ತಾಯಿ ತಯಾರು. ಆದರೆ ಕಸಿ ಸಮಿತಿಗೆ ಒಂದು ನಿಯಮವಿದೆ. ಹೊಸ ಕಿಡ್ನಿ ಬಂದ ಮೇಲೆ ಜೀವಮಾನವಿಡೀ ಗಳಿಗೆ ತಪ್ಪದೆ ಗುಳಿಗೆ ನುಂಗಬೇಕು, ತಪ್ಪಿದರೆ ತಾಯಿಯ ಕಿಡ್ನಿಯೂ ಮಣ್ಣುಪಾಲು. ಆದ್ದರಿಂದ ಮಗು ಹೇಳಿದ ಮಾತು ಕೇಳುತ್ತದೆಯೇ ಎಂದು ಮೊದಲು ನೋಡುತ್ತಾರೆ. ನೋಡುವ ಕೆಲಸವನ್ನು ತಕ್ಕಡಿಯಕ್ಕನ ಚಾರ್ಟಿಗೆ ವಹಿಸಿದ್ದರು. ಎಂಟು ವಾರ, ಇಪ್ಪತ್ತನಾಲ್ಕು ಹಸಿರು ಚುಕ್ಕೆ, ನಡುವೆ ಒಂದೂ ಕೆಂಪಿರಬಾರದು. ಕೆಳಗೆ ಆಕೆಯ ಸಹಿ ಬೇಕು.

"ಇಪ್ಪತ್ನಾಲ್ಕಾ?" ಎಂದು ಹುಡುಗಿ ಕೇಳಿದಳು.

"ನಿನಗೆ ನಾಲ್ಕು ಬಂದ್ರೂ ನಾನು ಊರಿಗೆಲ್ಲ ಸಿಹಿ ಹಂಚ್ತೀನಿ," ಎಂದಳು ಆಕೆ.

ನಾಲ್ಕು ಬಂತು. ಸಿಹಿಯ ಮಾತನ್ನು ಯಾರೂ ಎತ್ತಲಿಲ್ಲ. ಆರು ಬಂತು, ಒಂಬತ್ತು ಬಂತು. ಒಂಬೈನೂರು ಗ್ರಾಂ, ಎಂಟುನೂರೈವತ್ತು, ಒಂಬೈನೂರು. ಆಕೆ ಗೋಡೆಗೆ ಒತ್ತಿದ ಬೆರಳನ್ನು ಹುಡುಕಿದಳು, ಜೇಬು ತಡವಿದಳು, ಯಂತ್ರವನ್ನು ಕಲ್ಲಿಟ್ಟು ಎರಡು ಸಲ ಪರೀಕ್ಷಿಸಿದಳು. ಮೋಸವಿರಲಿಲ್ಲ. ಕೊನೆಗೆ ತನ್ನ ಮಾತೇ ಹುಡುಗಿಯನ್ನು ತಿದ್ದಿದೆ ಎಂದು ನಂಬಿದಳು. ನಂಬುವುದು ಕಷ್ಟವೇನೂ ಆಗಲಿಲ್ಲ.

ನಾಲ್ಕನೇ ವಾರ ತಾಯಿ ಬಸ್ಸು ತಪ್ಪಿದರೂ ಪರವಾಗಿಲ್ಲವೆಂದು ಬಾಗಿಲಲ್ಲಿ ನಿಂತಳು.

"ಸಿಸ್ಟರ್, ಊಟ ಬಿಟ್ಟಿದ್ದಾಳೆ. ತಟ್ಟೆ ಹಂಗೇ ವಾಪಸ್ ಬರುತ್ತೆ."

"ನೀರು?"

"ನಾನು ಕೆಲಸಕ್ಕೆ ಹೋಗಿರ್ತೀನಲ್ಲ, ನಂಗೇನು ಗೊತ್ತು."

"ನೋಡಮ್ಮ, ಮೂರು ತಿಂಗಳು ಕುಡೀತಾಳೆ ಅಂತ ಅತ್ತಿರಿ. ಈಗ ತಿನ್ನಲ್ಲ ಅಂತ ಅಳ್ತೀರಿ. ಅಳೋದೇ ಒಂದು ಅಭ್ಯಾಸ ಆಗಿಬಿಟ್ಟಿದೆ ನಿಮಗೆ. ಅಲ್ಲಿ ನೋಡಿ ಗೋಡೆ ಮೇಲೆ."

ತಾಯಿ ಗೋಡೆ ನೋಡಿದಳು. ಹನ್ನೆರಡು ಹಸಿರು. ಅಷ್ಟು ಹೊತ್ತಿಗೆ ಬಸ್ಸೂ ಹೋಗಿತ್ತು.

ಒಣ ತೂಕವನ್ನು ತಿಂಗಳಿಗೊಮ್ಮೆ ಹೊಸದಾಗಿ ನಿಗದಿ ಮಾಡಬೇಕು. ಬೆಳೆಯುವ ಮಕ್ಕಳ ಮೈ ಒಂದೇ ಕಡೆ ನಿಲ್ಲುವುದಿಲ್ಲ; ಏರಬಹುದು, ಇಳಿಯಬಹುದು. ಅದನ್ನು ಮಾಡಬೇಕಾದವರು ವಿಭಾಗದ ದೊಡ್ಡ ಡಾಕ್ಟರು. ಆ ತಿಂಗಳು ಅವರಿಗೆ ಬಿಡುವಿರಲಿಲ್ಲ. ಆಕೆ ಐದೂ ಮಕ್ಕಳ ಕಾಗದದಲ್ಲಿ 'ಹಿಂದಿನಂತೆ' ಎಂದು ಬರೆದು ಮೇಜಿನ ಮೇಲಿಟ್ಟಳು. ಅವರು ನಿಂತಲ್ಲೇ ಸಹಿ ಹಾಕಿದರು. ಹುಡುಗಿಯ ಒಣ ತೂಕ ಮೂವತ್ತೊಂದು, ಹಿಂದಿನಂತೆ.

ಆರನೇ ವಾರ ಹುಡುಗಿಯ ರಕ್ತದೊತ್ತಡ ಏರಿತು. ಗುಳಿಗೆ ನುಂಗುತ್ತಿಲ್ಲ ಎಂದು ಆಕೆ ಬೈದಳು. ಬೈಯುತ್ತ ತೋಳಿಗೆ ಪಟ್ಟಿ ಸುತ್ತಿದಳು. ಒತ್ತಡ ಅಳೆಯುವ ಆ ಬಟ್ಟೆಯ ಪಟ್ಟಿ ಸುತ್ತಿದಷ್ಟೂ ಸಡಿಲವಾಯಿತು, ತೋಳಿನ ಮೇಲೆ ಬಳೆಯಂತೆ ಜಾರಿತು. ದೊಡ್ಡ ಪಟ್ಟಿ ಸಣ್ಣ ತೋಳಿಗೆ ಅಂಕಿ ತಪ್ಪು ಹೇಳುತ್ತದೆ ಎಂಬುದು ಆಕೆಯ ಕಸುಬಿನ ಓನಾಮ. ಡ್ರಾಯರಿನಿಂದ ಸಣ್ಣ ಮಕ್ಕಳ ಪಟ್ಟಿ ತಂದು ಕಟ್ಟಿ ನೋಡಿದಳು. ಒತ್ತಡ ಇನ್ನೂ ಹೆಚ್ಚು ಬಂತು. ಅಂಕಿಯನ್ನು ಬರೆದಳು. ಯಾವ ಪಟ್ಟಿ ಎಂದು ಬರೆಯಲು ಕಾಗದದಲ್ಲಿ ಜಾಗವಿಲ್ಲ. ತೂಕ ಮಾತ್ರ ಸರಿಯಾಗಿತ್ತು, ಮೂವತ್ತೊಂದು ಒಂಬೈನೂರು. ಹದಿನೇಳನೇ ಹಸಿರು ಚುಕ್ಕೆ.

ಏಳನೇ ವಾರ ಬೇರೆ ಆಸ್ಪತ್ರೆಗಳಿಂದ ಹನ್ನೆರಡು ನರ್ಸುಗಳು ಚಾರ್ಟು ನೋಡಲು ಬಂದರು. ಆಕೆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದಳು. ಈಕೆ ಬಂದಾಗ ಒಂಟೆಯಾಗಿದ್ದಳು, ಈಗ ನೋಡಿ, ಹೇಳಿದ್ದನ್ನು ಕೇಳುವ ಕುರಿಮರಿ ಎಂದಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ಹುಡುಗಿಯ ರೆಪ್ಪೆಗಳು ಊದಿದ್ದವು. ನಿದ್ದೆಗೆಟ್ಟಿದ್ದಾಳೆ ಎಂದು ಯಾರೋ ಅಂದರು. ಚಪ್ಪಾಳೆಯ ನಡುವೆ ಅವಳು ಎರಡು ಸಲ ಕೆಮ್ಮಿದಳು.

ಆವತ್ತು ವಕೀಲ ಮಾತ್ರ ತಟ್ಟಲಿಲ್ಲ. ಅತಿಥಿಗಳು ಹೋದ ಮೇಲೆ, "ಅಕ್ಕ, ಒಂಟೆ ಮಲಗೋದು ಬಿಟ್ಟಿದೆ. ಕುರ್ಚಿ ಚಾಚಿದ್ರೆ ಮತ್ತೆ ನೆಟ್ಟಗೆ ಮಾಡ್ಕೊಳ್ಳುತ್ತೆ," ಎಂದ.

"ನಿನ್ನ ಕಕ್ಷಿದಾರಳಾ ಅವಳು? ಫೀಸು ಎಷ್ಟು ತಗೊಂಡೆ?"

ಎಲ್ಲರೂ ನಕ್ಕರು. ಆ ಮಾತು ಅಲ್ಲಿಗೆ ಮುಗಿಯಿತು.

ಎಂಟನೇ ವಾರದ ಬುಧವಾರ ಇಪ್ಪತ್ತಮೂರನೇ ಚುಕ್ಕೆ ಬಿತ್ತು. ಶುಕ್ರವಾರ ಒಂದೇ ಬಾಕಿ. ತಾಯಿ ಕಾರ್ಖಾನೆಯಲ್ಲಿ ಎರಡು ತಿಂಗಳ ರಜೆಗೆ ಅರ್ಜಿ ಕೊಟ್ಟಾಗಿತ್ತು.

ಶುಕ್ರವಾರ ಹುಡುಗಿಯನ್ನು ತಾಯಿ ಸೊಂಟದ ಮೇಲೆ ಎತ್ತಿಕೊಂಡು ಬಂದಳು. ಹದಿಮೂರು ವರ್ಷದವಳನ್ನು ಕೂಸಿನಂತೆ ಎತ್ತಲಾಗುತ್ತದೆ ಎಂಬುದನ್ನು ಬೆಂಚಿನಲ್ಲಿದ್ದವರು ಬಾಯಿ ಬಿಟ್ಟು ನೋಡಿದರು. ಹುಡುಗಿ ಉಸಿರಿಗಾಗಿ ಭುಜ ಎತ್ತಿ ಎತ್ತಿ ಹಾಕುತ್ತಿದ್ದಳು, ಬಾಯಂಚಿನಲ್ಲಿ ಗುಲಾಬಿ ನೊರೆ. ಆದರೂ ತೂಕದ ಯಂತ್ರದ ಕಡೆ ಕೈ ಚಾಚಿದಳು. ಇಳಿಸು, ನಿಲ್ಲುತ್ತೇನೆ ಎಂದಳು. ಆಕೆ ನಿಲ್ಲಿಸಿದಳು. ಮೂವತ್ತೊಂದು ಒಂಬೈನೂರು. ಹಸಿರು. ಅದಾದ ಮೇಲೆ ಹುಡುಗಿ ಯಂತ್ರದ ಮೇಲೇ ಕುಸಿದಳು.

ಅವಳಿಂದ ಆವತ್ತು ಮತ್ತು ಮರುದಿನ ಸುಮಾರು ನಾಲ್ಕೂವರೆ ಲೀಟರು ನೀರು ತೆಗೆದರು. ಅದೆಲ್ಲ ಹೋದ ಮೇಲೆ ಉಳಿದ ಹುಡುಗಿ ಇಪ್ಪತ್ತೇಳೂವರೆ ಕಿಲೋ ಇದ್ದಳು. ಮೂರೂವರೆ ಕಿಲೋ ಮೈ ಕರಗಿ ಹೋಗಿತ್ತು. ಅದರ ಜಾಗದಲ್ಲಿ ಮೂರೂವರೆ ಕಿಲೋ ನೀರು ಬಂದು ಕೂತಿತ್ತು. ತಕ್ಕಡಿಗೆ ಎರಡೂ ಒಂದೇ. ಹೃದಯದ ಸ್ಕ್ಯಾನಿನಲ್ಲಿ ಎಡಭಾಗ ಹಿಗ್ಗಿ ಸೋತಿರುವುದು ಕಾಣಿಸಿತು.

ತೀವ್ರ ನಿಗಾ ಘಟಕದಲ್ಲಿ ಐದನೇ ದಿನ ಹುಡುಗಿಗೆ ಮಾತು ಬಂತು. ಆಕೆ ಹೋಗಿ ಮಂಚದ ಪಕ್ಕ ನಿಂತಳು. ಬೈಯಲೆಂದೇ ಹೋಗಿದ್ದಳು.

"ಯಾರು ಹೇಳಿಕೊಟ್ಟಿದ್ದು ನಿನಗೆ ಇದನ್ನ?"

"ನೀವೇ ಅಲ್ವಾ ಅಕ್ಕ," ಎಂದಳು ಹುಡುಗಿ. ಅಣಕವಿರಲಿಲ್ಲ. ಪಾಠ ಒಪ್ಪಿಸುವಂತೆ ಹೇಳಿದಳು: ಊಟದಲ್ಲೂ ಮುಕ್ಕಾಲು ಪಾಲು ನೀರೇ, ಅದನ್ನೂ ಲೆಕ್ಕ ಹಿಡಿಯಿರಿ ಎಂದು ಅಕ್ಕ ಎಲ್ಲರಿಗೂ ಹೇಳಿದ್ದರು. ಹಾಗಾದರೆ ತಿನ್ನದಿದ್ದರೆ ಅಷ್ಟನ್ನು ಕುಡಿಯಬಹುದು. ತಟ್ಟೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ, ಅದರ ಮುಕ್ಕಾಲು ಪಾಲನ್ನು ಲೋಟದಲ್ಲಿ ಅಳೆದುಕೊಳ್ಳುತ್ತಿದ್ದಳು. ಒಂದು ಗ್ರಾಂ ಹೆಚ್ಚು ಕುಡಿದಿಲ್ಲ ಎಂದಳು. "ಹಸಿವು ತಡ್ಕೋಬಹುದು ಅಕ್ಕ. ಇದು ತಡ್ಕೊಳ್ಳಕ್ಕಾಗಲ್ಲ."

ಆಕೆ ಹಾಸಿಗೆಯ ಅಂಚು ಸರಿಮಾಡಿದಳು. ಲೆಕ್ಕದಲ್ಲಿ ತಪ್ಪು ಹುಡುಕಿದಳು. ಸಿಗಲಿಲ್ಲ.

ಮರುವಾರ ಕಸಿ ಸಮಿತಿ ಕೂತಿತು. ಉದ್ದನೆಯ ಮೇಜು, ನಾಲ್ವರು ಡಾಕ್ಟರು, ಎಲ್ಲರ ಮುಂದೆ ನೀರಿನ ಲೋಟ. ಪ್ರಶ್ನೆ ಇದ್ದದ್ದು ಒಂದೇ. ಹುಡುಗಿ ಬೇಕೆಂದೇ ಕಣ್ಣಿಗೆ ಮಣ್ಣೆರಚಿದ್ದರೆ, ಅವಳನ್ನು ನಂಬುವಂತಿಲ್ಲ. ಕಸಿ ಒಂದು ವರ್ಷ ಮುಂದಕ್ಕೆ, ಮತ್ತೆ ಮೊದಲಿಂದ. ಕೋಣೆಯವರ ಕಣ್ಣಿಗೆ ಬಿದ್ದೂ ಬಿಟ್ಟುಹೋಗಿದ್ದರೆ, ಅದು ಆಸ್ಪತ್ರೆಯ ತಪ್ಪು. ಹೃದಯ ಸುಧಾರಿಸಿದ ಕೂಡಲೇ, ಎರಡು ಮೂರು ತಿಂಗಳಲ್ಲಿ, ಶಸ್ತ್ರಚಿಕಿತ್ಸೆ ಮಾಡಬಹುದು. ಇದನ್ನು ಅಧ್ಯಕ್ಷರು ಬಿಡಿಸಿಯೇ ಹೇಳಿದರು. ಆಮೇಲೆ ಕೇಳಿದರು:

"ನಿಮ್ಮ ಕಡೆ ಯಾರಿಗೂ ಏನೂ ಕಾಣಿಸ್ಲಿಲ್ವಾ ಸಿಸ್ಟರ್? ಇಳಿದುಹೋಗಿದ್ದಾಳೆ ಅಂತ?"

ದೊಡ್ಡ ಡಾಕ್ಟರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. 'ಹಿಂದಿನಂತೆ' ಎಂಬ ಕಾಗದ ಅವರ ಮುಂದಿನ ಕಡತದಲ್ಲೇ ಇತ್ತು. ಆಕೆಗೆ ಜಾರಿದ ಪಟ್ಟಿ ನೆನಪಾಯಿತು. ಬಾಗಿಲಲ್ಲಿ ನಿಂತ ತಾಯಿ ನೆನಪಾದಳು. ವಕೀಲನ ಮಾತೂ ಬಂತು, ಅದಕ್ಕೆ ತಾನು ಕೊಟ್ಟ ಉತ್ತರವೂ. ಹತ್ತೊಂಬತ್ತು ವರ್ಷದ ಹಿಂದೆ ಆಕೆ ಬಾಳೆಹಣ್ಣಿನ ವಿಷಯವನ್ನು ತಾನಾಗಿಯೇ ಹೋಗಿ ಹೇಳಿಕೊಂಡಿದ್ದಳು. ಆಗ ಮೂರು ತಿಂಗಳು ಕೆಲಸದಿಂದ ಹೊರಗಿಟ್ಟಿದ್ದರು.

"ತೂಕ ಸರಿ ಇತ್ತು ಸರ್," ಎಂದಳು.

ಸುಳ್ಳಲ್ಲ. ಅಧ್ಯಕ್ಷರು ಬರೆದುಕೊಂಡರು. ರೋಗಿ ಉದ್ದೇಶಪೂರ್ವಕವಾಗಿ ಮರೆಮಾಚಿದ್ದಾಳೆ. ಒಂದು ವರ್ಷದ ನಂತರ ಪುನಃ ಪರಿಶೀಲನೆ. ದೊಡ್ಡ ಡಾಕ್ಟರು ಹೊರಗೆ ಬಂದಾಗ ಆಕೆಗೆ ಬಾಗಿಲು ಹಿಡಿದುಕೊಂಡು ನಿಂತರು. ಹಿಂದೆಂದೂ ಹಾಗೆ ಮಾಡಿದವರಲ್ಲ. ತಾಯಿಗೆ ಸುದ್ದಿ ಹೇಳುವ ಕೆಲಸ ಆಕೆಯ ಪಾಲಿಗೇ ಬಂತು. ತಾಯಿ ಕೇಳಿಸಿಕೊಂಡು, ಮಗಳ ಬೆನ್ನಿಗೆ ಒಂದು ಗುದ್ದು ಹಾಕಿದಳು. ಇನ್ನೊಂದಕ್ಕೆ ಕೈ ಎತ್ತಿದವಳು ಅಲ್ಲೇ ನೆಲದ ಮೇಲೆ ಕೂತಳು. ಆಕೆ ತಡೆಯಲಿಲ್ಲ, ಎಬ್ಬಿಸಲೂ ಇಲ್ಲ. ರಜೆಯ ಅರ್ಜಿ ವಾಪಸು ತೆಗೆದುಕೊಳ್ಳಿ ಎಂದಳು.

ಮುಂದಿನ ಸೋಮವಾರ ಕಬ್ಬಿಣದ ಕಲ್ಲು ಹತ್ತು ತೂಗಿತು. ಆಕೆ ಚಿಲಕ ತೆಗೆದಳು. ಹುಡುಗಿಯ ಹೊಸ ಒಣ ತೂಕ ಇಪ್ಪತ್ತೇಳೂವರೆ; ತೂಗಿದ್ದು ಇಪ್ಪತ್ತೊಂಬತ್ತು ಇನ್ನೂರು. ಆಕೆ ಓದಿದಳು. ಬೆಂಚಿನಲ್ಲಿ ಯಾರೂ ಒಂಟೆ ಎನ್ನಲಿಲ್ಲ. ವಕೀಲ ಕಿಟಕಿಯ ಕಡೆ ತಿರುಗಿ ಕೂತಿದ್ದ.

ಕುರ್ಚಿಯಲ್ಲಿ ಹುಡುಗಿ ತಾನಾಗಿಯೇ ತೋಳು ಚಾಚಿದಳು. ಆಕೆ ಡ್ರಾಯರು ಎಳೆದಳು, ಎರಡು ಪಟ್ಟಿಗಳಲ್ಲಿ ಸಣ್ಣದನ್ನು ತೆಗೆದಳು.

"ಇದನ್ನ ನೀವು ಆರನೇ ವಾರ ತಂದ್ರಿ," ಎಂದಳು ಹುಡುಗಿ. ದನಿ ಏರಿಸಿರಲಿಲ್ಲ. "ದೊಡ್ಡದು ಜಾರಿತ್ತಲ್ಲ ಅಕ್ಕ, ಆವತ್ತು. ನೀವು ಇನ್ನೇನು ಕೇಳ್ತೀರಿ ಅಂದ್ಕೊಂಡೆ. ಕೇಳಿದ್ರೆ ಹೇಳ್ಬಿಡೋಣ ಅಂತಿದ್ದೆ."

ಆಕೆ ಪಟ್ಟಿ ಸುತ್ತಿದಳು. ಗಾಳಿ ಊದುವ ರಬ್ಬರ್ ಗುಂಡನ್ನು ನಾಲ್ಕು ಸಲ ಒತ್ತಿದಳು.

"ಕೈ ಅಲ್ಲಾಡಿಸಬೇಡ," ಎಂದಳು.

ಅಂಕಿ ಬರೆದು, ಗೋಡೆಯ ಹತ್ತಿರ ಹೋಗಿ, ಹೊಸ ಸಾಲಿನ ಮೊದಲ ಮನೆಯಲ್ಲಿ ಕೆಂಪು ಚುಕ್ಕೆ ಅಂಟಿಸಿದಳು. ಸಮಿತಿ ಹುಡುಗಿಯ ಕಾಗದವನ್ನು ಮುಂದಿನ ವರ್ಷ ಇದೇ ತಿಂಗಳು ಮತ್ತೆ ತೆರೆಯುತ್ತದೆ. ತಾಯಿಯ ಪರೀಕ್ಷೆಗಳನ್ನು ಆಗ ಮೊದಲಿನಿಂದ ಮಾಡಬೇಕು. ಅಲ್ಲಿಯವರೆಗೆ ಹುಡುಗಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಬರುತ್ತಾಳೆ.